ಗಾಜಿನ ಬುರುಡೆಯಲ್ಲಿ ಒಂದು ವಾರ: ಸ್ಟ್ಯಾನ್ಲಿ ಮಿಲ್ಲರ್ ಮಾಡಿದ್ದೇನು, ಮಾಡದೇ ಇದ್ದದ್ದೇನು?

ಅಕ್ಕಿ ಹಳೇದಾದ್ರೆ ಹುಳ ಆಗುತ್ತೆ, ತಲೆ ಬೆವರಿದ್ರೆ ಹೇನು ಆಗುತ್ತೆ. ಮನೆಯಲ್ಲಿ ಹಿರಿಯರು ಹೀಗೆ ಹೇಳೋದನ್ನ ನೀವೂ ಕೇಳಿರ್ತೀರಿ. ಈ 'ಆಗುತ್ತೆ' ಅನ್ನೋ ಮಾತಿನ ಹಿಂದೆ ಬಹಳ ಹಳೆಯ ಒಂದು ನಂಬಿಕೆ ಇದೆ. ನಮ್ಮ ಪ್ರಾಚೀನ ಗ್ರಂಥಗಳು ಜೀವಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಿದ್ದವು. ಗರ್ಭದಿಂದ ಹುಟ್ಟುವುದು ಜರಾಯುಜ, ಮೊಟ್ಟೆಯಿಂದ ಹುಟ್ಟುವುದು ಅಂಡಜ, ನೆಲ ಸೀಳಿಕೊಂಡು ಬರುವುದು ಉದ್ಭಿಜ್ಜ, ಬೆವರು-ತೇವದಿಂದ ಹುಟ್ಟುವುದು ಸ್ವೇದಜ. ಹೇನು, ಸೊಳ್ಳೆ ಎಲ್ಲಾ ಈ ಕೊನೆಯ ಗುಂಪು. ಗ್ರೀಸ್‌ನ ಅರಿಸ್ಟಾಟಲ್ ಕೂಡ ಕೆಲವು ಜೀವಿಗಳು ಕೆಸರಿನಿಂದ, ಕೊಳೆತ ವಸ್ತುವಿನಿಂದ ತಾವಾಗೇ ಹುಟ್ಟುತ್ತವೆ ಅಂತ ನಂಬಿದ್ದ. ಅಂದ್ರೆ, ನಿರ್ಜೀವ ವಸ್ತುವಿನಿಂದ ಜೀವ ಹೇಗೆ ಬಂತು ಅನ್ನೋದು ಆಗ ಅಷ್ಟು ದೊಡ್ಡ ಒಗಟೇ ಆಗಿರಲಿಲ್ಲ. ಅಕ್ಕಿ ಡಬ್ಬದಲ್ಲಿ ದಿನಾ ಬರ್ತಾನೇ ಇದೆಯಲ್ಲ!

ಇದನ್ನ ಒಗಟು ಮಾಡಿದ್ದು ಫ್ರಾನ್ಸ್‌ನ ಲೂಯಿ ಪಾಶ್ಚರ್. ಅವನಿಗಿಂತ ಮುಂಚೆ, 1668ರಲ್ಲೇ, ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಪಾತ್ರೆಗೆ ಬಟ್ಟೆ ಕಟ್ಟಿ, ನೊಣ ಕೂರದಿದ್ದರೆ ಹುಳ ಇಲ್ಲ ಅಂತ ತೋರಿಸಿದ್ದ. ಆದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕತೆ? ಅವು ಗಾಳಿಯಲ್ಲಿ ತಾವಾಗೇ ಹುಟ್ಟುತ್ತವೆ ಅನ್ನೋ ವಾದ ಇನ್ನೂ ಇನ್ನೂರು ವರ್ಷ ಉಳಿಯಿತು. 1860ರ ಆಸುಪಾಸಿನಲ್ಲಿ ಪಾಶ್ಚರ್ ಒಂದು ಗಾಜಿನ ಬುರುಡೆಯ ಕತ್ತನ್ನು ಹಂಸದ ಕತ್ತಿನ ಹಾಗೆ ಬಗ್ಗಿಸಿ, ಒಳಗೆ ಪೋಷಕ ದ್ರವ ಹಾಕಿ ಕುದಿಸಿದ. ಗಾಳಿ ಒಳಗೆ ಹೋಗುತ್ತೆ, ಧೂಳು ಮಾತ್ರ ಬಾಗಿನಲ್ಲೇ ಕೂತುಬಿಡುತ್ತೆ. ದ್ರವ ಕೆಡಲೇ ಇಲ್ಲ. ಬುರುಡೆ ಓರೆ ಮಾಡಿ ದ್ರವಕ್ಕೆ ಆ ಧೂಳು ಮುಟ್ಟಿಸಿದರೆ ಕೆಟ್ಟಿತು. 1864ರಲ್ಲಿ ಪ್ಯಾರಿಸ್‌ನ ಸೋರ್ಬಾನ್‌ನಲ್ಲಿ ತುಂಬಿದ ಸಭೆಯ ಎದುರು ಅವನು ಇದನ್ನೆಲ್ಲ ವಿವರಿಸಿದ. ಜೀವದಿಂದ ಮಾತ್ರ ಜೀವ.

ಸರಿ, ಹಾಗಾದ್ರೆ ಮೊಟ್ಟಮೊದಲ ಜೀವ ಯಾವುದರಿಂದ? ಪಾಶ್ಚರ್ ಒಂದು ಬಾಗಿಲು ಮುಚ್ಚಿದ್ದೇ ಈ ಪ್ರಶ್ನೆ ಎದ್ದು ನಿಂತಿತು.

ಇದಕ್ಕೆ ಮೊದಲ ಒಳ್ಳೆಯ ಸುಳಿವು ಸಿಕ್ಕಿದ್ದು ಒಂದು ಖಾಸಗಿ ಪತ್ರದಲ್ಲಿ. 1871ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಗೆಳೆಯ, ಸಸ್ಯವಿಜ್ಞಾನಿ ಜೋಸೆಫ್ ಹೂಕರ್‌ಗೆ ಬರೆಯುತ್ತಾನೆ: ಒಂದು ಬೆಚ್ಚಗಿನ ಪುಟ್ಟ ಕೊಳ, ಅದರಲ್ಲಿ ಅಮೋನಿಯಾ, ಫಾಸ್ಫರಸ್ ಲವಣಗಳು, ಮೇಲೆ ಬೆಳಕು, ಶಾಖ, ವಿದ್ಯುತ್ತು. ಅಲ್ಲಿ ಒಂದು ಪ್ರೋಟೀನ್ ತಯಾರಾದ್ರೆ? ಕೊಳದ ಮಾತನ್ನ ಎಲ್ಲರೂ ನೆನಪಿಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಅವನ ಮುಂದಿನ ಮಾತು. ಇವತ್ತು ಹಾಗೆ ಏನಾದರೂ ತಯಾರಾದರೂ ಈಗಿರುವ ಜೀವಿಗಳು ಅದನ್ನ ತಕ್ಷಣ ತಿಂದು ಮುಗಿಸುತ್ತವೆ. ಜೀವಿಗಳೇ ಇಲ್ಲದ ಕಾಲದಲ್ಲಿ ಆ ಕಾಟ ಇರಲಿಲ್ಲ. ಅಂದರೆ ಪಾಶ್ಚರ್ ಹೇಳಿದ್ದೂ ಸರಿ, ಜೀವ ಒಮ್ಮೆ ತಾನಾಗೇ ಹುಟ್ಟಿದ್ದೂ ಸಾಧ್ಯ. ಕಾಲ ಬೇರೆ ಅಷ್ಟೆ.

1924ರಲ್ಲಿ ರಷ್ಯಾದ ಅಲೆಕ್ಸಾಂಡರ್ ಒಪಾರಿನ್, 1929ರಲ್ಲಿ ಬ್ರಿಟನ್ನಿನ ಜೆ.ಬಿ.ಎಸ್. ಹಾಲ್ಡೇನ್, ಇಬ್ಬರೂ ಬೇರೆಬೇರೆಯಾಗಿ ಇದೇ ದಾರಿ ಹಿಡಿದರು. ಆದಿ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ, ಹಾಗಾಗಿ ಹುಟ್ಟಿದ ಅಣುಗಳು ಸುಲಭಕ್ಕೆ ಹಾಳಾಗದೆ ಸಮುದ್ರದಲ್ಲಿ ಸಾರಿನ ಹಾಗೆ ಕೂಡುತ್ತಾ ಹೋದವು ಅನ್ನೋದು ಅವರ ವಾದ. (ಈ ಹಾಲ್ಡೇನ್ ನಮ್ಮವರೂ ಹೌದು. 1957ರಲ್ಲಿ ಕೋಲ್ಕತ್ತಕ್ಕೆ ಬಂದು, ಭಾರತದ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.) ಆದರೆ ಇಷ್ಟೆಲ್ಲ ಬರೀ ಮಾತು. ಪ್ರಯೋಗ ಮಾಡಿ ತೋರಿಸಿದವರು ಯಾರೂ ಇಲ್ಲ.

ಈಗ ಶಿಕಾಗೋಗೆ ಬನ್ನಿ. 1951. ಹೆರಾಲ್ಡ್ ಯೂರಿ ಅನ್ನೋ ಪ್ರೊಫೆಸರ್, ಭಾರ ಹೈಡ್ರೋಜನ್ ಕಂಡುಹಿಡಿದು 1934ರಲ್ಲೇ ನೊಬೆಲ್ ಗೆದ್ದವರು, ಆದಿ ಭೂಮಿಯ ಗಾಳಿ ಮೀಥೇನ್, ಅಮೋನಿಯಾ, ಹೈಡ್ರೋಜನ್‌ಗಳಿಂದ ತುಂಬಿತ್ತು ಅಂತ ಉಪನ್ಯಾಸ ಕೊಡ್ತಾರೆ. ಕೇಳ್ತಾ ಕೂತವರಲ್ಲಿ ಒಬ್ಬ ಹೊಸ ವಿದ್ಯಾರ್ಥಿ, ಸ್ಟ್ಯಾನ್ಲಿ ಮಿಲ್ಲರ್. ಮುಂದಿನ ವರ್ಷ ಅವನು ಯೂರಿ ಹತ್ರ ಬಂದು, ಅದನ್ನ ಪ್ರಯೋಗ ಮಾಡಿ ನೋಡ್ತೀನಿ ಅಂದ. ಯೂರಿ ಹಿಂಜರಿದರು. ಫಲ ಬರದಿದ್ದರೆ ಹುಡುಗನ ಪಿಎಚ್‌ಡಿ ಕತೆ ಏನು? ಉಲ್ಕೆಗಳಲ್ಲಿ ಥ್ಯಾಲಿಯಂ ಎಷ್ಟಿದೆ ಅಂತ ಅಳೆಯೋ ಸುರಕ್ಷಿತ ಕೆಲಸ ಸೂಚಿಸಿದರು. ಮಿಲ್ಲರ್ ಬಿಡಲಿಲ್ಲ. ಕೊನೆಗೆ ಆರು ತಿಂಗಳೋ ಒಂದು ವರ್ಷವೋ ಗಡುವು ಕೊಟ್ಟು ಒಪ್ಪಿದರು.

ಉಪಕರಣ ನೋಡಿದ್ರೆ ಏನೂ ಅಲ್ಲ. ಕೆಳಗೊಂದು ಸಣ್ಣ ಬುರುಡೆ, ಅದರಲ್ಲಿ ಕುದಿಯುವ ನೀರು. ಅದು ಸಮುದ್ರ. ಮೇಲೊಂದು ಐದು ಲೀಟರಿನ ಬುರುಡೆ, ಅದರಲ್ಲಿ ಯೂರಿ ಹೇಳಿದ ಗಾಳಿ. ಅದರೊಳಗೆ ಎರಡು ವಿದ್ಯುತ್ ಕಡ್ಡಿಗಳ ನಡುವೆ ಒಂದೇ ಸಮನೆ ಕಿಡಿ. ಅದು ಮಿಂಚು. ಆವಿಯನ್ನು ತಣಿಸಿ ಮತ್ತೆ ಕೆಳಗೆ ಇಳಿಸೋ ಕೊಳವೆ, ಅಂದ್ರೆ ಮಳೆ. ಎರಡು ದಿನ ಓಡಿಸಿ ನೋಡಿದಾಗ ಗ್ಲೈಸೀನ್ ಸಿಕ್ಕಿತು. ನಮ್ಮ ಪ್ರೋಟೀನುಗಳನ್ನು ಕಟ್ಟುವ ಇಟ್ಟಿಗೆಗಳಿಗೆ ಅಮಿನೋ ಆಮ್ಲ ಅಂತಾರೆ, ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು ಗ್ಲೈಸೀನ್. ಮತ್ತೆ ಒಂದು ಪೂರ್ತಿ ವಾರ ಓಡಿಸಿದ. ಒಂದು ದಿನ ಕಳೆಯೋ ಹೊತ್ತಿಗೆ ನೀರು ಗುಲಾಬಿ, ವಾರದ ಕೊನೆಗೆ ಕಡುಗೆಂಪು. ಐದು ಅಮಿನೋ ಆಮ್ಲಗಳನ್ನ ಗುರುತಿಸಿದ. ಮೂರು ಖಚಿತ, ಎರಡು ಅಷ್ಟು ಖಚಿತವಲ್ಲ ಅಂತ ಪ್ರಾಮಾಣಿಕವಾಗೇ ಬರೆದ.

ಪ್ರಬಂಧ ಬರೆದಾಗ ಯೂರಿ ತಮ್ಮ ಹೆಸರು ಬೇಡ ಅಂದರು. ನೊಬೆಲ್ ವಿಜೇತನ ಹೆಸರಿದ್ರೆ ಹುಡುಗನಿಗೆ ಶ್ರೇಯ ಸಿಗಲ್ಲ ಅನ್ನೋದು ಅವರ ಲೆಕ್ಕ. ಗೈಡ್‌ಗಳ ಹೆಸರು ತಾನಾಗೇ ಪ್ರಬಂಧಕ್ಕೆ ಅಂಟಿಕೊಳ್ಳೋ ಈ ಕಾಲದಲ್ಲಿ ಇದನ್ನ ಒಮ್ಮೆ ಜೋರಾಗಿ ಹೇಳಬೇಕು! 1953ರ ಮೇ 15ರಂದು 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು, ಒಬ್ಬನದೇ ಹೆಸರಲ್ಲಿ. ಅವನಿಗೆ 23 ವರ್ಷ. ಮೂರು ವಾರ ಮುಂಚೆ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆ ಪ್ರಕಟಿಸಿದ್ದರು.

ಪ್ರಯೋಗಾಲಯದಲ್ಲಿ ಜೀವ ಸೃಷ್ಟಿ ಅನ್ನೋ ಮಾತು ಇವತ್ತಿಗೂ ಈ ಪ್ರಯೋಗದ ಜೊತೆ ಅಂಟಿಕೊಂಡೇ ಇದೆ. ಮಿಲ್ಲರ್ ಜೀವ ಸೃಷ್ಟಿಸಲಿಲ್ಲ. ಅವನ ಬುರುಡೆಯಲ್ಲಿ ಸಿಕ್ಕಿದ್ದು ಇಟ್ಟಿಗೆ, ಮನೆಯಲ್ಲ. ಜೀವ ಅಂದರೆ ತನ್ನನ್ನೇ ನಕಲು ಮಾಡಬೇಕು, ನಕಲಿನಲ್ಲಿ ಆಗಾಗ ತಪ್ಪಬೇಕು, ಆ ತಪ್ಪುಗಳಲ್ಲಿ ಕೆಲವು ಉಳಿದು ವಿಕಾಸ ನಡೀಬೇಕು. ನಾಸಾದ ವಿಜ್ಞಾನಿಗಳು ಬಳಸೋ ವ್ಯಾಖ್ಯೆಯೂ ಹೆಚ್ಚುಕಡಿಮೆ ಇದೇ: ತನ್ನನ್ನು ತಾನೇ ನಡೆಸಿಕೊಳ್ಳುವ, ಡಾರ್ವಿನ್ ಹೇಳಿದ ರೀತಿ ವಿಕಾಸವಾಗಬಲ್ಲ ರಾಸಾಯನಿಕ ವ್ಯವಸ್ಥೆ. ಕೆಂಪು ನೀರು ಇದ್ಯಾವುದನ್ನೂ ಮಾಡಲಿಲ್ಲ. 1982ರಲ್ಲಿ ಥಾಮಸ್ ಚೆಕ್ ತಂಡ, ಆರ್‌ಎನ್‌ಎ ಅನ್ನೋ ಅಣು ಮಾಹಿತಿ ಹೊರುವುದರ ಜೊತೆಗೆ ಕಿಣ್ವದ ಕೆಲಸವನ್ನೂ ಮಾಡಬಲ್ಲದು ಅಂತ ತೋರಿಸಿದಾಗ ಇಟ್ಟಿಗೆಯಿಂದ ಮನೆಗೆ ಒಂದು ದಾರಿ ಕಾಣಿಸಿತು. ಆದರೆ ಆ ದಾರಿ ಪೂರ್ತಿ ನಡೆದವರು ಇನ್ನೂ ಯಾರೂ ಇಲ್ಲ.

ಇನ್ನೊಂದು ಪೆಟ್ಟೂ ಬಿತ್ತು. ಆದಿ ಭೂಮಿಯ ಗಾಳಿಯಲ್ಲಿ ಹೆಚ್ಚಾಗಿ ಇದ್ದದ್ದು ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕ, ಯೂರಿ ಅಂದುಕೊಂಡ ಅನಿಲಗಳಲ್ಲ ಅಂತ ಎಷ್ಟೋ ಭೂವಿಜ್ಞಾನಿಗಳು ವಾದಿಸಿದರು. ಆ ಗಾಳಿಯಲ್ಲಿ ಕಿಡಿ ಹಾರಿಸಿದರೆ ಅಮಿನೋ ಆಮ್ಲಗಳು ಅಷ್ಟು ಸುಲಭಕ್ಕೆ ಬರೋದಿಲ್ಲ.

2007ರಲ್ಲಿ ಮಿಲ್ಲರ್ ತೀರಿಕೊಂಡ. ಅವನ ಸಾಮಾನುಗಳಲ್ಲಿ ಹಳೆಯ ರಟ್ಟಿನ ಡಬ್ಬಗಳು ಇದ್ದವು, ಒಳಗೆ ಐವತ್ತರ ದಶಕದ ಪ್ರಯೋಗಗಳ ಒಣಗಿದ ಮಾದರಿಗಳು ಸಣ್ಣ ಸೀಸೆಗಳಲ್ಲಿ, ಚೀಟಿ ಅಂಟಿಸಿ ಜೋಪಾನ ಮಾಡಿದ್ದು. ಅವನ ಶಿಷ್ಯ ಜೆಫ್ರಿ ಬಾಡ ಮತ್ತು ಸಂಗಡಿಗರು ಅದರಲ್ಲಿ ಹನ್ನೊಂದು ಸೀಸೆಗಳನ್ನು ಹೊಸ ಯಂತ್ರಗಳಲ್ಲಿ ಪರೀಕ್ಷಿಸಿದರು. ಅದು ಮಿಲ್ಲರ್‌ನ ಇನ್ನೊಂದು ಉಪಕರಣದ ಮಾದರಿ, ಕಿಡಿಯ ಮೇಲೆ ಆವಿ ರಭಸವಾಗಿ ಚಿಮ್ಮುವಂಥದ್ದು, ಥೇಟ್ ಜ್ವಾಲಾಮುಖಿಯ ಹಾಗೆ. 2008ರಲ್ಲಿ ಫಲಿತಾಂಶ ಬಂತು: 22 ಅಮಿನೋ ಆಮ್ಲಗಳು. ಜ್ವಾಲಾಮುಖಿಯ ಸುತ್ತ ಮಿಂಚು ಸಾಮಾನ್ಯ, ಅಲ್ಲಿನ ಅನಿಲವೂ ಬೇರೆ. ಇಡೀ ಭೂಮಿಯ ಗಾಳಿ ಯೂರಿ ಹೇಳಿದ ಹಾಗೆ ಇರಬೇಕಾಗಿಲ್ಲ, ಅಲ್ಲಲ್ಲಿ ಇದ್ದರೂ ಸಾಕು ಅನ್ನೋ ವಾದಕ್ಕೆ ಜೀವ ಬಂತು.

2021ರಲ್ಲಿ ಯೂರೋಪಿನ ಒಂದು ತಂಡ ಅದೇ ಪ್ರಯೋಗವನ್ನು ಗಾಜಿನ ಬದಲು ಟೆಫ್ಲಾನ್ ಪಾತ್ರೆಯಲ್ಲಿ ಮಾಡಿತು. ಸಿಕ್ಕ ಅಣುಗಳು ಕಡಿಮೆಯಾದವು! ಟೆಫ್ಲಾನ್ ಒಳಗೆ ಗಾಜಿನ ಚೂರು ಹಾಕಿದರೆ ಮತ್ತೆ ಹೆಚ್ಚಾದವು. ಕ್ಷಾರದ ನೀರು ಗಾಜನ್ನು ತುಸು ಕರಗಿಸಿ, ಅದರ ಸಿಲಿಕಾ ರಾಸಾಯನಿಕ ಕ್ರಿಯೆಗೆ ಸಹಾಯ ಮಾಡುತ್ತಿತ್ತು. ಸಮುದ್ರ, ಗಾಳಿ, ಮಿಂಚು ಎಲ್ಲವನ್ನೂ ಯೋಚಿಸಿ ಇಟ್ಟ ಮಿಲ್ಲರ್, ತನಗೇ ಗೊತ್ತಿಲ್ಲದೆ ಬಂಡೆಯನ್ನೂ ಒಳಗೆ ಇಟ್ಟಿದ್ದ, ಪಾತ್ರೆಯ ರೂಪದಲ್ಲಿ.

ಅಷ್ಟರಲ್ಲಿ ಆಕಾಶದಿಂದಲೂ ಸುದ್ದಿ ಬರುತ್ತಿತ್ತು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯಲ್ಲಿ 70ಕ್ಕೂ ಹೆಚ್ಚು ಬಗೆಯ ಅಮಿನೋ ಆಮ್ಲಗಳು ಸಿಕ್ಕಿವೆ. ಭೂಮಿಗೆ ಬಿದ್ದ ಮೇಲೆ ಏನೋ ಸೇರಿಕೊಂಡಿರಬಹುದು ಅಂತ ಅನುಮಾನಿಸೋರಿಗಾಗಿ, 2023ರ ಸೆಪ್ಟೆಂಬರ್‌ನಲ್ಲಿ ನಾಸಾ ನೌಕೆ ಒಂದು ಕ್ಷುದ್ರಗ್ರಹದಿಂದಲೇ 121 ಗ್ರಾಂನಷ್ಟು ಮಣ್ಣು ತಂದಿಳಿಸಿತು. ಅದರ ಹೆಸರು ಬೆನ್ನು. ನಮ್ಮ ನಿಮ್ಮ ಬೆನ್ನಲ್ಲ, ಈಜಿಪ್ಟ್ ಪುರಾಣದ ಒಂದು ಹಕ್ಕಿ. 2025ರ ಜನವರಿಯಲ್ಲಿ ಪ್ರಕಟವಾದ ವರದಿ ಪ್ರಕಾರ ಅದರಲ್ಲಿ ನಮ್ಮ ದೇಹ ಬಳಸುವ 20 ಅಮಿನೋ ಆಮ್ಲಗಳ ಪೈಕಿ 14, ಜೊತೆಗೆ ಡಿಎನ್‌ಎ-ಆರ್‌ಎನ್‌ಎ ಕಟ್ಟುವ ಐದೂ ಅಕ್ಷರಗಳು ಇದ್ದವು.

ಒಂದು ವಿಷಯ ಮಾತ್ರ ಅಲ್ಲೂ ಬಗೆಹರಿಯಲಿಲ್ಲ. ಅಮಿನೋ ಆಮ್ಲಗಳು ನಮ್ಮ ಎರಡು ಕೈಗಳ ಹಾಗೆ ಎಡ, ಬಲ ಅಂತ ಎರಡು ರೂಪದಲ್ಲಿ ಬರುತ್ತವೆ. ಪ್ರೋಟೀನು ಕಟ್ಟಲು ಜೀವಿಗಳು ಬಳಸೋದು ಎಡವನ್ನೇ. ಮಿಲ್ಲರ್ ಬುರುಡೆಯಲ್ಲಿ ಎರಡೂ ಸಮ ಪ್ರಮಾಣದಲ್ಲಿ ಸಿಕ್ಕಿದ್ದವು. ಬೆನ್ನುವಿನ ಮಣ್ಣಿನಲ್ಲೂ ಎರಡೂ ಸುಮಾರು ಸಮವಾಗೇ ಇವೆ.