ಅಲಂಕಾರವಿಲ್ಲದ ಗೋಡೆ: ಗೃಹಶಿಲ್ಪಿ ಇರ್ವಿಂಗ್ ಗಿಲ್

ವಾಸ್ತುಶಿಲ್ಪದ ಚರಿತ್ರೆ ಬಹುಮಟ್ಟಿಗೆ ದೇವಾಲಯ, ಅರಮನೆ, ಸ್ಮಾರಕಗಳ ಚರಿತ್ರೆ. ಜನ ಉಂಡು ಮಲಗುವ ಸಾಮಾನ್ಯ ಮನೆಗೆ ಅದರಲ್ಲಿ ದೊರೆತ ಸ್ಥಾನ ಅಲ್ಪ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮನೆಯನ್ನೇ ತನ್ನ ಚಿಂತನೆಯ ಕೇಂದ್ರವಾಗಿಸಿಕೊಂಡ ಅಮೆರಿಕದ ಇರ್ವಿಂಗ್ ಗಿಲ್ (1870–1936) ಬಹುಕಾಲ ಮರೆವಿಗೆ ಸಂದದ್ದು ಈ ದೃಷ್ಟಿಯಿಂದ ಆಕಸ್ಮಿಕವಲ್ಲ.

ನ್ಯೂಯಾರ್ಕ್ ರಾಜ್ಯದ ಟಲ್ಲಿಯಲ್ಲಿ ಹುಟ್ಟಿದ ಗಿಲ್ ಯಾವ ವಾಸ್ತುಶಿಲ್ಪ ವಿದ್ಯಾಲಯದಲ್ಲೂ ಕಲಿತವನಲ್ಲ. ಷಿಕಾಗೋದ ಆಡ್ಲರ್ ಮತ್ತು ಸಲಿವನ್ ಕಚೇರಿಯೇ ಅವನ ಗುರುಕುಲ. ಫ್ರಾಂಕ್ ಲಾಯ್ಡ್ ರೈಟ್ ಆಗ ಅಲ್ಲಿಯೇ ಇದ್ದನು. 1893ರಲ್ಲಿ ಗಿಲ್ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ನಗರಕ್ಕೆ ಬಂದನು. ಅಲ್ಲಿನ ಹಳೆಯ ಸ್ಪ್ಯಾನಿಷ್ ಕ್ರೈಸ್ತ ಮಠಗಳ ದಪ್ಪ ಮಣ್ಣಿನ ಗೋಡೆ, ಕಮಾನುಸಾಲು, ಒಳ ಅಂಗಳಗಳು ಅವನ ಕಣ್ಣನ್ನು ತಿದ್ದಿದವು. ಕ್ರಮೇಣ ಅವನ ಮನೆಗಳಿಂದ ಸೂರಂಚಿನ ಕೆತ್ತನೆ, ಬಾಗಿಲ ಚೌಕಟ್ಟಿನ ಸಿಂಗಾರ ಮರೆಯಾಗಿ, ಬಿಳಿಯ ಗೋಡೆ ಮತ್ತು ಅದರ ಮೇಲೆ ಬೀಳುವ ಗಿಡಮರಗಳ ನೆರಳು ಮಾತ್ರ ಉಳಿದವು.

ಈ ಸರಳತೆಯನ್ನು ಕೇವಲ ಶೈಲಿಯೆಂದು ಓದಿದರೆ ಅದರ ಅರ್ಥ ಕೈತಪ್ಪುತ್ತದೆ. ಗೋಡೆ ನೆಲವನ್ನು ಕೂಡುವ ಮೂಲೆಯನ್ನು ಗಿಲ್ ದುಂಡಗಾಗಿಸಿದ್ದು ಅಲ್ಲಿ ಧೂಳು ನಿಲ್ಲಬಾರದೆಂದು. ಗೋಡೆಯೊಳಗೇ ಕಸ ಹೀರುವ ಕೊಳವೆಗಳನ್ನು ಅಳವಡಿಸಿದ್ದೂ ಮನೆಗೆಲಸ ಮಾಡುವವರ ಶ್ರಮ ತಗ್ಗಲೆಂದೇ. 1910ರಲ್ಲಿ ವಿಯೆನ್ನಾದಲ್ಲಿ ಅಡಾಲ್ಫ್ ಲೂಸ್ ಸ್ಟೈನರ್ ಗೃಹವನ್ನು ರೂಪಿಸಿ ಅಲಂಕಾರವನ್ನು ನಿರಾಕರಿಸಿದನು. ಲೂಸನದು ಸಂಸ್ಕೃತಿಯ ವಿಮರ್ಶೆ. ಗಿಲ್ಲನ ನಿರಾಕರಣೆಯ ಹಿಂದೆ ಪೊರಕೆ ಹಿಡಿದ ಕೈಯ ನೆನಪಿದೆ.

ಅದೇ 1910ರಲ್ಲಿ ಸಿಯೆರಾ ಮಾಡ್ರೆಯಲ್ಲಿ ಅವನು ಕಡಿಮೆ ವರಮಾನದವರಿಗೆಂದು ಲೂಯಿಸ್ ಕೋರ್ಟ್ಸ್ ಎಂಬ ಮನೆಗಳ ಸಮೂಹವನ್ನು ಯೋಜಿಸಿದನು. ಪ್ರತಿ ಮನೆಗೂ ಸ್ವಂತ ಕೈತೋಟ, ಎಲ್ಲಕ್ಕೂ ನಡುವೆ ಸಮಾನ ಅಂಗಳ. ಮನೆಗಳು ಎಷ್ಟು ಹಿತವಾಗಿದ್ದವೆಂದರೆ ಮಾಲೀಕರು ಬಾಡಿಗೆ ಏರಿಸಿದರು. ಯಾರಿಗಾಗಿ ಕಟ್ಟಲಾಯಿತೋ ಅವರಿಗೆ ಅವು ಎಟುಕಲಿಲ್ಲ. ಕಾಂಕ್ರೀಟ್ ಗೋಡೆಯನ್ನು ನೆಲದ ಮೇಲೆ ಮಲಗಿಸಿ ಎರಕಹೊಯ್ದು ಬಳಿಕ ಎತ್ತಿ ನಿಲ್ಲಿಸುವ ವಿಧಾನದಲ್ಲಿ ಹೂಡಿದ ಹಣವೂ ಫಲಿಸಲಿಲ್ಲ. 1915ರ ಸ್ಯಾನ್ ಡಿಯೇಗೊ ವಸ್ತುಪ್ರದರ್ಶನದ ಅಲಂಕೃತ ಸ್ಪ್ಯಾನಿಷ್ ಶೈಲಿ ಜನಮನವನ್ನು ಗೆದ್ದಿತು. ಗಿಲ್ಲನಿಗೆ ಕೆಲಸಗಳು ವಿರಳವಾದವು.

ಅವನ ಶ್ರೇಷ್ಠ ಕೃತಿಯೆಂದು ಗಣಿತವಾದ, ಲಾಸ್ ಏಂಜಲೀಸ್ ಪ್ರದೇಶದ ಡಾಡ್ಜ್ ಗೃಹ 1916ರಲ್ಲಿ ಪೂರ್ಣಗೊಂಡಿತ್ತು. ಎಸ್ತರ್ ಮೆಕಾಯ್ 1960ರಲ್ಲಿ ಪ್ರಕಟಿಸಿದ ‘ಫೈವ್ ಕ್ಯಾಲಿಫೋರ್ನಿಯಾ ಆರ್ಕಿಟೆಕ್ಟ್ಸ್’ ಗ್ರಂಥದಿಂದ ಗಿಲ್ಲನ ಹೆಸರು ಮತ್ತೆ ಚರ್ಚೆಗೆ ಬಂದಿತು. ಆ ಮನೆಯ ಉಳಿವಿಗಾಗಿ ಆಕೆ ಹೋರಾಡಿದರೂ 1970ರಲ್ಲಿ ಅದನ್ನು ಕೆಡವಲಾಯಿತು. ಗ್ರಂಥ ಕೀರ್ತಿಯನ್ನು ಉಳಿಸಬಲ್ಲುದು, ಗೋಡೆಯನ್ನಲ್ಲ.

ಆದರೆ ಗಿಲ್ಲನ ಬದುಕಿಗೆ ತಕ್ಕ ಉಪಸಂಹಾರ ಬೇರೊಂದೆಡೆ ಇದೆ. ಸ್ಯಾನ್ ಡಿಯೇಗೊ ನಗರದ ಎಲ್ ಕ್ಯಾಪಿಟಾನ್ ಜಲಾಶಯಕ್ಕಾಗಿ ನೆಲ ಕಳೆದುಕೊಂಡ ಮೂಲನಿವಾಸಿಗಳಿಗೆ 1930ರ ದಶಕದ ಆರಂಭದಲ್ಲಿ ಬರೋನಾದಲ್ಲಿ ಪುಟ್ಟ ಮನೆಗಳನ್ನು ರೂಪಿಸಿದವನು ಅವನೇ. ಬಡವರ ಮನೆಯೂ ಸುಂದರವಾಗಿರಬೇಕೆಂಬ ಅವನ ಹಂಬಲಕ್ಕೆ, ವಿಪರ್ಯಾಸವೆಂಬಂತೆ, ಅವಕಾಶ ಒದಗಿದ್ದು ಒಂದು ಸಮುದಾಯದ ನಿರ್ವಸತಿಯಿಂದ.