ಕಡಾಣಿ ನೋಡಿದಿಯೇನು?

ಬಾಂಬೆ ಪ್ರೆಸಿಡೆನ್ಸಿಯ ವಿಜಾಪುರ ಜಿಲ್ಲಾ ಗ್ಯಾಝೆಟಿಯರ್ ಪ್ರಕಟವಾದದ್ದು 1884ರಲ್ಲಿ. ಹೊಟಗಿ–ಗದಗ ರೈಲು ಮಾರ್ಗ ಶುರುವಾದದ್ದೂ ಅದೇ ವರ್ಷ. ಇವೆರಡನ್ನೂ ಒಟ್ಟಿಗಿಟ್ಟುಕೊಂಡು ಓದುತ್ತಿದ್ದಾಗ ನಿಲ್ದಾಣಗಳ ಹೆಸರಿನ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು: ‘ರೋಡ್’. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್. ಹೆಸರಿನ ಹಿಂದೆ ಈ ಪದ ಅಂಟಿಕೊಂಡಿದ್ದರೆ ರೈಲು ಊರಿಗೆ ಬಂದಿಲ್ಲ, ಊರೇ ರೈಲಿನ ಹತ್ತಿರ ಹೋಗಬೇಕು ಎಂದರ್ಥ. ಸಿಂದಗಿ, ಮುದ್ದೇಬಿಹಾಳಗಳಿಗೆ ಅಷ್ಟೂ ಇರಲಿಲ್ಲ. ಹತ್ತಿಯ ಅಂಡಿಗೆ, ಜೋಳದ ಚೀಲ, ತವರಿಗೆ ಹೊರಟ ಬಸುರಿ, ಎಲ್ಲವನ್ನೂ ನಿಲ್ದಾಣ ಮುಟ್ಟಿಸಬೇಕಾದದ್ದು ಚಕ್ಕಡಿ. ರೈಲು ಬಂದ ಮೇಲೆ ಚಕ್ಕಡಿಯ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಿತು.

ಸರಕಿನ ಲೆಕ್ಕ ದಾಖಲೆಗಳಲ್ಲಿ ಸಿಗುತ್ತದೆ. ಹೊರಡುವ ಮುಂಚೆ ಚಕ್ಕಡಿಯ ಕೆಳಗೆ ಬಗ್ಗಿ ನೋಡಿದವರು ಯಾರು ಎಂಬುದು ಸಿಗುವುದಿಲ್ಲ. ಅದು ನನಗೆ ಸಿಕ್ಕದ್ದು ಸಿಂದಗಿ ತಾಲ್ಲೂಕಿನ ನಮ್ಮ ಆಯಿಯಿಂದ.

ಆಯಿಗೆ ಆಗ ಏಳೋ ಎಂಟೋ ವರ್ಷ. ಎಳ್ಳ ಅಮಾವಾಸ್ಯೆ, ಹೊಲಕ್ಕೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊರಟಿದ್ದರು. ಸಜ್ಜೆ ರೊಟ್ಟಿ, ಕಡುಬು, ಭಜ್ಜಿಯ ಬುಟ್ಟಿಗಳ ನಡುವೆ ಮಕ್ಕಳು. ಹಳ್ಳ ಇಳಿಯುವಾಗ ಬಲಗಾಲಿ ಕಳಚಿತು. ಆಯಿಯ ತಮ್ಮನ ಕೈ ಗಾಡಿಯ ಅಡಿ ಸಿಕ್ಕಿ ಮುರಿಯಿತು. ಆ ಕೈ ಕೊನೆಯವರೆಗೂ ನೆಟ್ಟಗಾಗಲಿಲ್ಲ. ಹಿಂದಿನ ರಾತ್ರಿ ಯಾರೋ ಕೀಲೆಣ್ಣೆ ಹಾಕಲು ಕಡಾಣಿ ತೆಗೆದವರು ಅದನ್ನು ಪೂರ್ತಿ ಬಡಿದಿರಲಿಲ್ಲ.

ಗಾಲಿ ಅಚ್ಚಿನ ಮೇಲೆ ತಿರುಗುತ್ತದೆ. ಅದು ಹೊರಗೆ ಜಾರದಂತೆ ಅಚ್ಚಿನ ತುದಿಯ ತೂತಿನಲ್ಲಿ ಕೂರುವ ಬೆರಳುದ್ದದ ಕಬ್ಬಿಣವೇ ಕಡಾಣಿ. ಎಣ್ಣೆ ಹಾಕಬೇಕಾದರೆ ಅದನ್ನು ತೆಗೆದು ಗಾಲಿಯನ್ನು ಹೊರಕ್ಕೆ ಸರಿಸಲೇಬೇಕು. ಹಾಗಾಗಿ ಚಕ್ಕಡಿಯನ್ನು ಚೆನ್ನಾಗಿ ನೋಡಿಕೊಳ್ಳುವ ಕೆಲಸದಲ್ಲೇ ಅದನ್ನು ಕೆಡವುವ ದಾರಿಯೂ ಇತ್ತು. ನಮ್ಮ ನಾಲ್ಕು ತಾಲ್ಲೂಕುಗಳಿಗೆ ದೂರವಲ್ಲದ ಮುದನೂರಿನ ಜೇಡರ ದಾಸಿಮಯ್ಯ ಒಂದು ವಚನದಲ್ಲಿ ಇದನ್ನೇ ಹಿಡಿದಿದ್ದಾನೆ: ಕಡೆಗೀಲಿಲ್ಲದ ಬಂಡಿ ಉರುಳದಿರುತ್ತದೆಯೇ ಎಂದು ಕೇಳಿ, ದೇಹವೆಂಬ ಬಂಡಿಗೆ ಶರಣರ ಮಾತೇ ಆ ಕೀಲು ಎನ್ನುತ್ತಾನೆ. ತರಗತಿಯಲ್ಲಿ ಇದನ್ನು ರೂಪಕವೆಂದಷ್ಟೇ ಓದಿದ್ದೆ. ಆಯಿಯ ತಮ್ಮನ ಕೈ ಗೊತ್ತಾದ ಮೇಲೆ ಹಾಗೆ ಓದಲು ಆಗುತ್ತಿಲ್ಲ.

ಕಡಾಣಿಯದು ಒಂದು ಭಾಗ ಮಾತ್ರ. ನಮ್ಮ ಬೇಸಿಗೆಯಲ್ಲಿ ಗಾಲಿಯ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಸುತ್ತಲಿನ ಕಬ್ಬಿಣದ ಹಳಿ ಸಡಿಲಾಗುತ್ತದೆ. ಆಗ ಗಾಲಿಯನ್ನು ನೀರಿನಲ್ಲಿ ನೆನೆಹಾಕಿ ಕಟ್ಟಿಗೆ ಉಬ್ಬಿಸುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಬಡಿಗೇರ, ಕಂಬಾರ ಇಬ್ಬರೂ ಬೇಕು: ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ತಕ್ಷಣ ನೀರು ಸುರಿಯಬೇಕು. ತಣಿದು ಕುಗ್ಗಿದ ಹಳಿ ಅರೆಗಳನ್ನು ಬಿಗಿಯಾಗಿ ಹಿಡಿಯುತ್ತದೆ.

ಇನ್ನು ಕೂರುವುದು. ಎರಡೇ ಗಾಲಿಯ ಗಾಡಿ ತಕ್ಕಡಿಯಿದ್ದಂತೆ. ಭಾರ ಹಿಂದಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆಯ ಪಟ್ಟಿ ಗಂಟಲು ಹಿಸುಕುತ್ತದೆ. ಮುಂದಾದರೆ ಹೆಗಲು ಹುಣ್ಣಾಗುತ್ತದೆ. ಏರು ಬಂದಾಗ ದೊಡ್ಡವರು ಮುಂದೆ ಸರಿಯಬೇಕು, ಇಳಿಜಾರಿನಲ್ಲಿ ಹಿಂದೆ. ಮಕ್ಕಳು ಯಾವಾಗಲೂ ನಡುವೆ, ಕಾಲು ಒಳಗೆ. ಇದನ್ನು ಯಾರೂ ಪಾಠ ಮಾಡುತ್ತಿರಲಿಲ್ಲ, “ಏ, ಹಿಂದಕ ಸರೀರಿ” ಎಂದು ಬೈದೇ ಕಲಿಸುತ್ತಿದ್ದರು.

ಆಮೇಲೆ ಟೈರಿನ ಗಾಡಿ ಬಂತು. ಕಂಪನಿಯ ಹೆಸರೇ ಗಾಡಿಯ ಹೆಸರಾಗಿ ‘ಡನ್ಲಪ್ ಗಾಡಿ’ ಎಂದರು. ಕಬ್ಬಿಣದ ಹಳಿ ಡಾಂಬರು ರಸ್ತೆಯನ್ನು ಕೊರೆಯುತ್ತದೆ ಎಂಬುದು ಸರ್ಕಾರದ ಚಿಂತೆಯಾಗಿತ್ತು. ಎತ್ತುಗಳ ಕಷ್ಟದ ಬಗ್ಗೆ ಗಟ್ಟಿಯಾಗಿ ಮಾತಾಡಿದವರಲ್ಲಿ ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಮುಖ್ಯರು. ಹಳೆಯ ಗಾಡಿಗಾಗಿ ನಾನು ಹಲುಬುವುದಿಲ್ಲ. ಎರೆಮಣ್ಣಿನಲ್ಲಿ, ಅದರಲ್ಲೂ ಡೋಣಿ ದಂಡೆಯ ಕೆಸರಿನಲ್ಲಿ, ಆ ಗಾಲಿ ಎಳೆದ ಎತ್ತುಗಳನ್ನು ಕೇಳಿದರೆ ಅವೂ ಹಲುಬಲಿಕ್ಕಿಲ್ಲ. ಆದರೆ ಬೇರಿಂಗು ಮುಚ್ಚಳದೊಳಗೆ ಸೇರಿದ್ದರಿಂದ ನೋಡುವ ಕೆಲಸ ಮನೆಯಿಂದ ಗ್ಯಾರೇಜಿಗೆ ಹೋಯಿತು. ಹೊರಡುವ ಮುಂಚೆ ಬಗ್ಗುವ ಅಭ್ಯಾಸವೂ ಅದರ ಜೊತೆ ಹೋಯಿತೆಂದು ನನ್ನ ಅನುಮಾನ.

ಈಗ ಹೊಲಕ್ಕೆ ಟ್ರ್ಯಾಕ್ಟರಿನ ಟ್ರೇಲರ್. ಅದು ಸರಕಿಗಾಗಿ ಮಾಡಿದ್ದು, ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ. ಆದರೂ ಜಾತ್ರೆಗೆ, ಮದುವೆಗೆ, ಚರಗಕ್ಕೆ ಅದರಲ್ಲೇ ಹೋಗುತ್ತೇವೆ. ಟ್ರೇಲರ್ ಪಲ್ಟಿಯಾದ ಸುದ್ದಿಯನ್ನೂ ಆಗಾಗ ಓದುತ್ತೇವೆ.

ಹೋದ ಎಳ್ಳ ಅಮಾವಾಸ್ಯೆಗೆ ನಾವೂ ಹಾಗೇ ಹೊರಟೆವು. ಆಯಿಯನ್ನು ಹತ್ತಿಸಲು ಕುರ್ಚಿ ಇಟ್ಟಿದ್ದೆ. ಆಕೆ ಹತ್ತಲಿಲ್ಲ. ಕೋಲು ಊರಿಕೊಂಡು ಟ್ರ್ಯಾಕ್ಟರ್‌ಗೂ ಟ್ರೇಲರ್‌ಗೂ ನಡುವಿನ ಕೊಂಡಿಯ ಹತ್ತಿರ ಹೋಗಿ ನಿಂತಳು.

“ತಮ್ಮಾ, ಇದರ ಕಡಾಣಿ ನೋಡಿದಿಯೇನು?”

ಬಗ್ಗಿ ನೋಡಿದೆ. ದಪ್ಪನೆಯ ಪಿನ್ನು ಇತ್ತು. ಅದು ಮೇಲೆ ಹಾರದಂತೆ ಕೆಳಗೆ ಹಾಕುವ ಕ್ಲಿಪ್ಪು ಇರಲಿಲ್ಲ, ಬದಲಿಗೆ ತುಕ್ಕು ಹಿಡಿದ ತಂತಿ ಸುತ್ತಿದ್ದರು. ಡ್ರೈವರ್ “ಏನ್ ಆಗೂದಿಲ್ಲ ಆಯಿ, ವರ್ಷದಿಂದ ಹಂಗ ಐತಿ” ಅಂದ. ಆಯಿ ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಊರೊಳಗಿನ ಅಂಗಡಿಯಿಂದ ಕ್ಲಿಪ್ಪು ತಂದು ಹಾಕುವಷ್ಟರಲ್ಲಿ ಬಿಸಿಲು ಏರಿತ್ತು, ಕಡುಬು ಆರಿದ್ದವು.