ಸ್ಪೈರೊನೊಲ್ಯಾಕ್ಟೋನ್: ಪುಣೆಯ ಚೀಟಿ, ಊರಿನ ರಕ್ತಪರೀಕ್ಷೆ

ಅಕ್ಕಲಕೋಟೆ, ಜತ್ತ, ಇಂಡಿ ಕಡೆಯ ಕನ್ನಡ ಮನೆಗಳಿಗೆ ದೊಡ್ಡ ಕಾಯಿಲೆಯೆಂದರೆ ಸೊಲ್ಲಾಪುರ, ಅಲ್ಲಿಯೂ ಆಗದಿದ್ದರೆ ಪುಣೆ. ಹೃದಯವೈಫಲ್ಯಕ್ಕೆ ಅಲ್ಲಿ ಬರೆದುಕೊಡುವ ಔಷಧಗಳಲ್ಲಿ ಸ್ಪೈರೊನೊಲ್ಯಾಕ್ಟೋನ್ ಒಂದು. ಮನೆಮಂದಿಗೆ ಅದು ನೀರಿನ ಮಾತ್ರೆ. ಅದರ ಅಪಾಯ ತಲೆಯೆತ್ತುವುದು ಹೆಚ್ಚಾಗಿ ರೋಗಿ ಊರು ಸೇರಿದ ಮೇಲೆ ಎಂಬುದು ಈ ಲೇಖನದ ವಾದ.

ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟಿರೋನ್ ಹಾರ್ಮೋನು ಮೂತ್ರಪಿಂಡದಲ್ಲಿ ಸೋಡಿಯಂ ಉಳಿಸಿಕೊಂಡು ಪೊಟ್ಯಾಸಿಯಂ ಹೊರಹಾಕುತ್ತದೆ. ಈ ಮಾತ್ರೆ ಆ ಹಾರ್ಮೋನನ್ನು ತಡೆಯುವುದರಿಂದ ಉಪ್ಪು, ನೀರು ಇಳಿಯುತ್ತವೆ, ಪೊಟ್ಯಾಸಿಯಂ ಉಳಿಯುತ್ತದೆ. 1999ರ ರೇಲ್ಸ್ ಅಧ್ಯಯನದಲ್ಲಿ 1,663 ತೀವ್ರ ಹೃದಯವೈಫಲ್ಯದ ರೋಗಿಗಳಿದ್ದರು. ಮಾತ್ರೆ ಪಡೆದವರಲ್ಲಿ ಸಾವಿನ ಅಪಾಯ ಶೇ. 30ರಷ್ಟು ತಗ್ಗಿತು. ಇಷ್ಟು ಅಗ್ಗದ ಮಾತ್ರೆಯಿಂದ ಇಷ್ಟು ಲಾಭ ಅಪರೂಪವೇ. ಆದರೆ ಅಲ್ಲಿ ಕೊಟ್ಟದ್ದು ದಿನಕ್ಕೆ ಸರಾಸರಿ 26 ಮಿ.ಗ್ರಾಂ., ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ 2.5 ಮಿ.ಗ್ರಾಂ./ಡಿ.ಲೀ. ಮೀರಿದವರನ್ನು ಸೇರಿಸಿಕೊಂಡಿರಲಿಲ್ಲ. ಈ ಎಚ್ಚರ ಸಡಿಲಾದಾಗ ಏನಾಗುತ್ತದೆಂದು ಕೆನಡಾದ ಒಂಟಾರಿಯೊ ತೋರಿಸಿತು: ಪೊಟ್ಯಾಸಿಯಂ ಏರಿಸಬಲ್ಲ ಎಸಿಇ ತಡೆ ಔಷಧವನ್ನೂ ಸೇವಿಸುತ್ತಿದ್ದ ವೃದ್ಧ ಹೃದಯವೈಫಲ್ಯದ ರೋಗಿಗಳಲ್ಲಿ, ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರಿದವರು 1994ರಲ್ಲಿ ಸಾವಿರಕ್ಕೆ 2.4 ಇದ್ದದ್ದು 2001ಕ್ಕೆ 11 ಆಯಿತು.

ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಟಾರ್ಸೆಮೈಡ್ ಅಥವಾ ಫ್ಯುರೋಸೆಮೈಡ್ ಜೊತೆ 50 ಮಿ.ಗ್ರಾಂ. ಸ್ಪೈರೊನೊಲ್ಯಾಕ್ಟೋನ್ ಬೆರೆಸಿದ ಮಾತ್ರೆಗಳು ಸಲೀಸಾಗಿ ಸಿಗುತ್ತವೆ. ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ 100 ಮಿ.ಗ್ರಾಂ. ಆರಂಭದ ಪ್ರಮಾಣವಾದ್ದರಿಂದ ಅಲ್ಲಿ 50 ಹೆಚ್ಚೇನಲ್ಲ. ಹೃದ್ರೋಗಿಗೆ ಅದು ರೇಲ್ಸ್‌ನ ಸರಾಸರಿಯ ಸುಮಾರು ಇಮ್ಮಡಿ. ಒಂದು ಔಷಧ ಪೊಟ್ಯಾಸಿಯಂ ಕಳೆಯುತ್ತದೆ, ಇನ್ನೊಂದು ಉಳಿಸುತ್ತದೆ, ಲೆಕ್ಕ ಸರಿಹೋಯಿತು ಎಂಬ ಸಮಾಧಾನವನ್ನು ನಾನು ಒಪ್ಪಲಾರೆ. ಸೋತ ಮೂತ್ರಪಿಂಡ ಆ ಲೆಕ್ಕ ಪಾಲಿಸುವುದಿಲ್ಲ. ಮೇಲೆ ಬಿಪಿಗೆಂದು ಟೆಲ್ಮಿಸಾರ್ಟನ್, ಮೊಣಕಾಲು ನೋವಿಗೆ ಡಿಕ್ಲೋಫೆನಾಕ್, ಬೇಸಿಗೆಗೆ ಎಳನೀರು; ಇವೂ ಪೊಟ್ಯಾಸಿಯಂ ಏರಿಸಬಲ್ಲವು. ಬಿಪಿಗೆ ಒಳ್ಳೆಯದೆಂದು ತರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್! ವಾಂತಿಭೇದಿಯಾದ ದಿನ ಮಾತ್ರೆ ನುಂಗದೆ ವೈದ್ಯರನ್ನು ಕೇಳಬೇಕು. ಪೊಟ್ಯಾಸಿಯಂ ಏರಿದರೂ ಮೈಗೆ ಏನೂ ಗೊತ್ತಾಗದಿರಬಹುದು. ಹೃದಯದ ಬಡಿತ ಮಾತ್ರ ತಪ್ಪಬಹುದು.

ರೇಲ್ಸ್‌ನಲ್ಲಿ ಗಂಡಸರ ಪೈಕಿ ಶೇ. 10 ಮಂದಿಗೆ ಎದೆ ಬೆಳೆಯಿತು ಅಥವಾ ಎದೆ ನೋವಾಯಿತು. ಹೇಳಲು ನಾಚಿ ಎಷ್ಟೋ ಮಂದಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಅವರಿಗೆ ಬದಲಿ ಔಷಧವಾಗಿ ಎಪ್ಲೆರಿನೋನ್ ಇದೆ. ಮೊಡವೆಗೆಂದು ಇದೇ ಮಾತ್ರೆ ತೆಗೆದುಕೊಳ್ಳುವ ಯುವತಿಯರು ಗರ್ಭ ಧರಿಸಬಾರದು. ಗಂಡು ಭ್ರೂಣದ ಬೆಳವಣಿಗೆಗೆ ಧಕ್ಕೆಯಾದೀತು.

ಮಾತ್ರೆ ಶುರುವಾದ ಒಂದು ವಾರಕ್ಕೆ, ನಾಲ್ಕು ವಾರಕ್ಕೆ, ಆಮೇಲೂ ಆಗಾಗ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಬೇಕಾದ ದಿನಾಂಕಗಳನ್ನು ಪುಣೆಯ ಚೀಟಿಯಲ್ಲೇ, ರೋಗಿ ಓದಬಲ್ಲ ಭಾಷೆಯಲ್ಲಿ ಬರೆದುಕೊಡಬೇಕು. ತಾಲ್ಲೂಕು ಪಟ್ಟಣದ ಲ್ಯಾಬಿನಲ್ಲಿ ಇದು ಆಗುವ ಪರೀಕ್ಷೆಯೇ. ಆದರೆ ರಕ್ತಕಣಗಳು ಒಡೆದ ಮಾದರಿಯಲ್ಲಿ ಪೊಟ್ಯಾಸಿಯಂ ಸುಳ್ಳೇ ಏರಿ ತೋರುತ್ತದೆ. ರೋಗಿ ಸ್ಥಿರವಾಗಿದ್ದು ಇಸಿಜಿ ಸರಿಯಿದ್ದರೆ, ಔಷಧವನ್ನು ಕಾಯಂ ನಿಲ್ಲಿಸುವ ಮುನ್ನ ಅದೇ ದಿನ ಮತ್ತೊಮ್ಮೆ ರಕ್ತ ತೆಗೆಯಬೇಕು.